ತಣ್ಣಗಿದ್ದ ಚಕ್ರಗಳು

"ನೋಡೇ, ಗೆರೆ ಎಳೆದ ಹಾಗೆ ನೇರ ನಿಲ್ತು!" ಒಂದು ಸುತ್ತು ಹೊಡೆದು ಬಂದ ಅಪ್ಪ ಹಳೇ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಮಗಳೆದುರು ಹಿಗ್ಗಿದರು. ಬ್ರೇಕ್ ಒತ್ತಿದರೆ ಬಲಕ್ಕೆ ಎಳೆಯುತ್ತಿದ್ದ ಕಾರನ್ನು ಬೆಳಿಗ್ಗೆ ತಾವೇ ರಿಪೇರಿ ಮಾಡಿದ್ದರು. ಪಕ್ಕದಲ್ಲಿ ಅಮ್ಮ ಪೇಟೆಗೆ ಹೊರಟು ಕೂತಿದ್ದಳು. ಮುಂದಿದ್ದದ್ದು ಬರೀ ಇಳಿಜಾರು.

ಗ್ಯಾರೇಜಿನಲ್ಲಿ ಕೆಲಸ ಮಾಡುವ ಮಗಳು ಅಭ್ಯಾಸಬಲದಿಂದ ಬಗ್ಗಿ ಮುಂದಿನ ಎಡಚಕ್ರ ಮುಟ್ಟಿದಳು. ತಣ್ಣಗಿತ್ತು. ಬ್ರೇಕ್ ಹಿಡಿದಿದ್ದರೆ ಬಿಸಿಯಾಗಿರಬೇಕಿತ್ತು; ಆ ಕಡೆ ಬ್ರೇಕೇ ಹಿಡಿಯುತ್ತಿಲ್ಲ. ಕಾರು ಬಲಕ್ಕೆ ಎಳೆಯುತ್ತಿದ್ದದ್ದು ಅದಕ್ಕೇ. ಬಲಚಕ್ರ ಮುಟ್ಟಿದಳು. ಅದೂ ತಣ್ಣಗಿತ್ತು. ಹಿಂದಿನ ಚಕ್ರಕ್ಕೆ ತಾಗುತ್ತಲೇ ಬೆರಳು ಚುರ್ ಎಂದಿತು. ಇಷ್ಟು ಹೊತ್ತು ಕಾರನ್ನು ನಿಲ್ಲಿಸಿದ್ದು ಹಿಂದಿನವೆರಡೇ.

"ಬೆಳಿಗ್ಗೆ ಏನು ಮಾಡಿದ್ರಿ ಅಪ್ಪ?"

"ಬಲಗಡೆದು ಜಾಸ್ತಿ ಹಿಡೀತಿತ್ತಲ್ಲ, ಸಡಿಲ ಮಾಡ್ದೆ. ಈಗ ಎರಡೂ ಸಮ."

"ಹೌದು, ಸಮ. ಎರಡೂ ಹಿಡೀತಿಲ್ಲ." ಅವಳು ಅಮ್ಮನ ಬದಿಯ ಬಾಗಿಲು ತೆರೆದಳು. "ಅಮ್ಮ, ಇಳಿ. ಚೀಲ ಅಲ್ಲೇ ಬಿಡು, ಮೊದಲು ಇಳಿ."

ಅಮ್ಮ ಇಳಿದಳು. ಮಗಳು ರಸ್ತೆಬದಿಯ ಎರಡು ದಪ್ಪ ಕಲ್ಲು ತಂದು ಮುಂದಿನ ಚಕ್ರಗಳಿಗೆ ಅಡ್ಡ ಒತ್ತಿಟ್ಟು, ಕೈ ಚಾಚಿ ಎಂಜಿನ್ ಆಫ್ ಮಾಡಿದಳು. "ಆಯ್ತಪ್ಪ, ಇನ್ನು ಕಾಲು ತೆಗೀರಿ."

ಅಪ್ಪ ಇಳಿಜಾರನ್ನೇ ನೋಡುತ್ತ ತಲೆಯಾಡಿಸಿದರು. ಕಾಲು ಮಾತ್ರ ಬ್ರೇಕ್ ಬಿಟ್ಟು ಬರಲೊಲ್ಲದು.