ಕಂದು ಗೌನಿನ ಕುರಿ

ಗಂಟಿನ ಬಟ್ಟೆಗಳನ್ನೆಲ್ಲ ಚಾಪೆಯ ಮೇಲೆ ಹರವಿದ್ದಾಯಿತು. ಬಿಳಿ ಚುಕ್ಕಿಯ ಕಂದು ಚೀಟಿ ಬಟ್ಟೆಯ ಗೌನು ಮಾತ್ರ ಇರಲಿಲ್ಲ. ಸತ್ತವಳ ಅಣ್ಣ ಫಾಕಿಸೊ ಖಾಲಿ ಗಂಟನ್ನು ಇನ್ನೊಮ್ಮೆ ಕೊಡವಿದ. ತಂಗಿಯ ಮದುವೆಗೆ ತಾನೇ ಮಸೇರು ಪಟ್ಟಣಕ್ಕೆ ಹೋಗಿ ಆರಿಸಿ ತಂದಿದ್ದ ಗೌನು. ಗಂಟು ಬಿಚ್ಚಿದಾಗ ಅವನ ಕಣ್ಣು ಮೊದಲು ಹುಡುಕಿದ್ದೂ ಅದನ್ನೇ.

ಮಣ್ಣು ಮಾಡಿ ಬಂದ ದಿನವೇ ಬಟ್ಟೆಗಳನ್ನು ಕಟ್ಟಿ ಕೋಣೆಯಲ್ಲಿಟ್ಟು ಬೀಗ ಹಾಕಿದ್ದರು. ತವರಿನ ಅಣ್ಣ ಬಂದು, ಲೋಳೆಸರ ಜಜ್ಜಿದ ನೀರಿನಲ್ಲಿ ತೊಳೆಸಿ, ಇದು ಇಂಥವರಿಗೆ ಎಂದು ಹಂಚುವ ತನಕ ಯಾರೂ ಅದರ ಒಂದು ಎಳೆಯನ್ನೂ ಮುಟ್ಟುವ ಹಾಗಿಲ್ಲ. ತೊಳೆಯದ ತುಂಡೊಂದು ಉಳಿದರೂ ಸಾವು ಆ ಮನೆಯ ಹೊಸ್ತಿಲು ಬಿಟ್ಟು ಹೋಗುವುದಿಲ್ಲ. ಬೀಗದ ಕೈ ಇದ್ದದ್ದು ಸತ್ತವಳ ನಾದಿನಿ ಮಾಸೆಚಾಬಾಳ ಸೊಂಟದಲ್ಲಿ.

“ಇಲಿ ತಿಂದಿದ್ರೆ ಚೂರಾದ್ರೂ ಬಿಟ್ಟಿರೋದು,” ಎಂದಳು ಫಾಕಿಸೊನ ಅಕ್ಕ, ಯಾರ ಮುಖವನ್ನೂ ನೋಡದೆ. “ಇದು ಬೀಗ ತೆಗೆಯೋಕೆ ಕಲ್ತ ಇಲಿ.”

ಮಾಸೆಚಾಬಾ ಹೊದ್ದ ಕಂಬಳಿಯ ಪಿನ್ನನ್ನು ಬಿಚ್ಚಿದಳು, ಮತ್ತೆ ಚುಚ್ಚಿಕೊಂಡಳು. ಅವಳ ಕಣ್ಣು ಅಂಗಳದಲ್ಲಿತ್ತು. ಅಲ್ಲಿ ಮಲೂಟಿ ಬೆಟ್ಟದಿಂದಿಳಿದ ಥಂಡಿಗಾಳಿಯಲ್ಲಿ ಸತ್ತವಳ ಪುಟ್ಟ ಮಗಳು ಲಿಸೆಬೊ ಬಟ್ಟೆಯ ಕುರಿಯೊಂದನ್ನು ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಿದ್ದಳು. ತಾಯಿ ಹೋದ ಮೇಲೆ ಮಗು ನಿದ್ದೆಯನ್ನೇ ಬಿಟ್ಟಿತ್ತು. ಹೊದಿಕೆ ಒದ್ದು ಎದ್ದು ಬಾಗಿಲಿಗೆ ಮುಖ ಮಾಡಿ ನಿಂತುಬಿಡುತ್ತಿತ್ತು. ನೋಡಲಾರದೆ ಮಾಸೆಚಾಬಾ ಬೀಗ ತೆಗೆದಿದ್ದಳು. ತಾಯಿಯ ಮೈವಾಸನೆ ಇನ್ನೂ ಉಳಿದಿದ್ದ ಗೌನನ್ನು ಕತ್ತರಿಸಿ, ಗುರುತು ಸಿಗದಿರಲೆಂದು ಚುಕ್ಕಿಯ ಮೈಯನ್ನು ಒಳಗು ಮಾಡಿ ಹೊಲಿದು, ಉಣ್ಣೆಯ ಚೂರು ತುಂಬಿದ್ದಳು. ಸಂತೆಯಲ್ಲಿ ಸಿಕ್ಕಿತು ಎಂದು ಮಗುವಿಗೂ ಸುಳ್ಳೇ ಹೇಳಿದ್ದಳು. ಅವತ್ತಿನಿಂದ ಮಗು ಕುರಿಯ ಹೊಟ್ಟೆಗೆ ಮೂಗು ಒತ್ತಿಕೊಂಡು ಮಲಗುತ್ತಿತ್ತು.

“ಗೌನು ಸಿಗೋ ತನಕ ನಾನು ಹಂಚಲ್ಲ,” ಎಂದ ಫಾಕಿಸೊ. “ಅಲ್ಲೀ ತನಕ ಭಾವ ಸೂತಕದ ಕಪ್ಪು ಬಟ್ಟೇಲೇ ಇರ್ಲಿ.” ಒಂದೊಂದಾಗಿ ಬಟ್ಟೆ ಮಡಚಿ ಮತ್ತೆ ಗಂಟಿಗೆ ಹಾಕತೊಡಗಿದ.

ಹೇಳಿದರೆ ಕುರಿಯನ್ನು ಕಿತ್ತುಕೊಂಡು ಸುಡುತ್ತಾರೆ. ಮಗು ಮತ್ತೆ ಬಾಗಿಲಲ್ಲಿ ನಿಲ್ಲುತ್ತದೆ. ಹೇಳದಿದ್ದರೆ ಸತ್ತವಳ ಗಂಡ, ತನ್ನ ಒಡಹುಟ್ಟಿದ ಅಣ್ಣ, ಸೂತಕ ಬಿಟ್ಟು ನಾಲ್ಕು ಜನರ ನಡುವೆ ಬರುವ ಹಾಗಿಲ್ಲ. ಅಂಗಳದಲ್ಲಿ ಮಗು ಕೆಮ್ಮಿತು. ಚಳಿಗಾಲದ ಕೆಮ್ಮು, ಎಲ್ಲ ಮಕ್ಕಳಿಗೂ ಇದ್ದದ್ದೇ. ಆದರೂ ಅದರ ಬೆನ್ನಿಗಿದ್ದದ್ದು ತೊಳೆಯದ ಬಟ್ಟೆ; ಮಾಸೆಚಾಬಾಳಿಗೆ ಕೂತಿರಲು ಆಗಲಿಲ್ಲ.

“ಅಣ್ಣಾ, ಗೌನು ಅಲ್ಲಿದೆ,” ಎಂದು ಅಂಗಳದ ಕಡೆ ಕೈ ತೋರಿಸಿದಳು. “ಕುರಿ ಮಾಡಿಬಿಟ್ಟೆ.”

ಹೆಣದ ಬಟ್ಟೆಯನ್ನು ಕೂಸಿನ ಬೆನ್ನಿಗೆ ಕಟ್ಟಿದವಳು ಎಂದು ಅಕ್ಕ ಶುರುಮಾಡಿದಳು, ಒಲೆಗೆ ಹಾಕಿ ಎಂದಳು. ಫಾಕಿಸೊ ಹೊರಗೆ ಹೋಗಿ ಮಗುವಿನೆದುರು ಕುಕ್ಕರಗಾಲಲ್ಲಿ ಕೂತ.

“ಇದೇನೇ, ಕತ್ತೆನಾ?”

“ಕುರಿ.”

“ಕಿವಿ ನೋಡಿದ್ರೆ ಕತ್ತೆ ಇದ್ದ ಹಾಗಿದೆಯಲ್ಲ.”

“ಕುರಿನೇ ಮಾವ.”

ಅವನು ಹೊಲಿಗೆಯ ಸಂದಿಯಲ್ಲಿ ಬೆರಳು ತೂರಿಸಿ ಅಗಲಿಸಿ ನೋಡಿದ. ಒಳಗೆ ಕಂದು ಬಣ್ಣ, ಸಣ್ಣ ಬಿಳಿ ಚುಕ್ಕಿ. ಅವನ ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬಾಗಿಲಿಗೆ ಬಂದು ನಿಂತವರೆಲ್ಲರಿಗೂ ಕೇಳುವಂತೆ, “ಹಂಚೋನು ನಾನು. ಇದು ಇವಳ ಪಾಲು. ತೊಳೆದು ಕೊಟ್ಟ ಮೇಲೆ ಯಾರೂ ಏನೂ ಅನ್ನೋ ಹಾಗಿಲ್ಲ,” ಎಂದ.

ಕುರಿಗೆ ಸ್ನಾನ ಮಾಡಿಸೋಣ ಎಂದು ಮಗುವನ್ನು ಪುಸಲಾಯಿಸಿದವಳು ಮಾಸೆಚಾಬಾಳೇ. ಫಾಕಿಸೊ ಅಂಗಿಯ ತೋಳು ಮಡಚಿ, ಲೋಳೆಸರದ ನೀರಿನ ಟಬ್ಬಿನಲ್ಲಿ ಕುರಿಯನ್ನು ಮುಳುಗಿಸಿ ಹಿಂಡಿದ, ಸೋಪು ಹಚ್ಚಿ ಉಜ್ಜಿದ, ಮತ್ತೆ ಹಿಂಡಿದ. ನೀರು ಕಂದಾಯಿತು. ಈಗ ಸರಿಹೋಯಿತು ಎಂದು ಅಕ್ಕ ಕೂಡ ಒಪ್ಪಿದಳು. ಒಣಗಲಿ ಎಂದರೆ ಲಿಸೆಬೊ ಕೇಳಲಿಲ್ಲ. ಹಸಿ ಕುರಿಯನ್ನೇ ಎರಡೂ ಕೈ ಚಾಚಿ ಇಸಿದುಕೊಂಡಳು.

ಅದರ ಹೊಟ್ಟೆಗೆ ಮೂಗು ಒತ್ತಿದಳು. ತಿರುಗಿಸಿ ಬೆನ್ನಿಗೆ ಒತ್ತಿದಳು. ಕಿವಿಗಳನ್ನೂ ಮೂಸಿದಳು. ಆಮೇಲೆ ಕುರಿಯನ್ನು ನೆಲದ ಮೇಲೆ ಇಟ್ಟು, ಟಬ್ಬಿನ ಹತ್ತಿರ ಹೋಗಿ, ಆ ನೀರಿಗೆ ಭುಜದ ತನಕ ಕೈ ಇಳಿಸಿ ತಳವನ್ನೆಲ್ಲ ತಡಕತೊಡಗಿದಳು.

“ಏನು ಬಿತ್ತೇ ಮಗಾ?” ಎನ್ನುತ್ತ ಮಾವನೂ ಬಗ್ಗಿ ನೀರಿನಲ್ಲಿ ಹುಡುಕತೊಡಗಿದ.