ಎಷ್ಟಿದ್ದರೆ ಸಾಕು

ಶತ್ರುದೇಶದ ಉಪಗ್ರಹದ ಕಣ್ಣಿಗೆ ಬೀಳಲೆಂದು ಬಡಿಗ ಮೌನೇಶಪ್ಪ ಕಟ್ಟಿಗೆಯಲ್ಲಿ ಐವತ್ತು ಅಣುಕ್ಷಿಪಣಿ ಮಾಡಿಕೊಟ್ಟಿದ್ದ. ವರ್ಷದ ನಂತರ ಸೇನಾಧಿಕಾರಿ ಅವನನ್ನು ಮತ್ತೆ ಕರೆಸಿ, ಶತ್ರುದೇಶದ ಕ್ಷಿಪಣಿಗಳ ಒಂದು ಫೋಟೊ ಮುಂದಿಟ್ಟರು.

"ಅವರ ಹತ್ತಿರ ಈಗ ನೂರಿವೆ. ನೀನು ಇನ್ನೂ ಐವತ್ತು ಮಾಡಿಕೊಡು, ಸಮ ಆಗಲಿ."

ಮೌನೇಶಪ್ಪ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಇವೂ ಕಟ್ಟಿಗೀವ ಅದಾವ್ರೀ ಸಾಹೇಬ್ರ. ಹಸೀ ಕಟ್ಟಿಗಿ, ಬಿಸಲಿಗೆ ಸೊಟ್ಟಾಗ್ಯಾವ ನೋಡ್ರಿ. ಕಬ್ಬಿಣ ಹಿಂಗ ಸೊಟ್ಟಾಗೂದಿಲ್ಲ."

ಅಧಿಕಾರಿ ಎದ್ದು ಹೋಗಿ ಬಾಗಿಲು ಹಾಕಿದರು.

"ಇದನ್ನು ಎಲ್ಲೂ ಬಾಯಿ ಬಿಡಬೇಡ. ಇವಕ್ಕೆ ಹೆದರಿಯೇ ನಾವು ಹೋದ ತಿಂಗಳು ಗುಟ್ಟಾಗಿ ನಲವತ್ತು ನಿಜವಾದವನ್ನು ಮಾಡಿಟ್ಟಿದ್ದೇವೆ."

ಮೌನೇಶಪ್ಪ ತನ್ನ ಕೈಗಳನ್ನೇ ನೋಡಿಕೊಂಡ.

"ಹಂಗಾದ್ರ ಸಾಹೇಬ್ರ, ನನ್ನ ಐವತ್ತು ನೋಡಿ ಅವ್ರು ಎಷ್ಟು ಖರೇವು ಮಾಡಿಟ್ಟಿರಬೇಕು?"