ಹೊಸ್ತಿಲಿಗೆ ಅಡ್ಡ

ಖಾನಾಪುರದ ಸೆರೆ ಅಂಗಡಿಯ ಹೊಸ್ತಿಲಿಗೆ ಅಡ್ಡ ಮಲಗಿದ್ದ ಅವಧೂತನೆಂಬ ಹುಡುಗ ಕಣ್ಣು ಮುಚ್ಚಿಕೊಂಡೇ ಹೇಳಿದ: “ದಾಟ್ರಿ ನೋಡೂಣು.”

ದಾಟುವವರು ಯಾರು? ಮಲಗಿದ ಹುಡುಗನನ್ನು ದಾಟಿದರೆ ಅವನು ಬೆಳೆಯುವುದಿಲ್ಲ ಎಂಬುದು ಊರಿನ ಕೂಸಿಗೂ ಗೊತ್ತು. ಅಸಹಕಾರದ ಆ ವರ್ಷ ಬೆಳಗಾವಿಯಲ್ಲಿ ಸರಕಾರಿ ಶಾಲೆ ಬಿಟ್ಟು, ಜನರ ಸೆರೆ ಕುಡಿತ ಬಿಡಿಸುತ್ತೇನೆಂದು ರೈಲು ಹತ್ತಿ ಬಂದ ಈ ಹದಿನಾರರ ಹುಡುಗ ಮೊದಲೇ ಗಿಡ್ಡ. ಎಷ್ಟು ಗಿಡ್ಡ ಅಂದರೆ, ರೈಲಿನಲ್ಲಿ ಟಿಕೀಟು ಕೇಳುವವ ಇವನನ್ನು ಯಾರದೋ ಗಂಟು ಎಂದುಕೊಂಡು ಪಕ್ಕದವನ ಹತ್ತಿರ ಲಗೇಜಿನ ಚೀಟಿ ಕೇಳಿದನಂತೆ. ಅಂತೆ ಏನು ಬಂತು, ಆ ಪಕ್ಕದವನು ನಾನೇ! ಅಂಥವನ ಇನ್ನೆರಡು ಅಂಗುಲ ಕಿತ್ತುಕೊಂಡ ಪಾಪ ಯಾರಿಗೆ ಬೇಕು? ಒಂಬತ್ತು ದಿನ ಸೆರೆ ಖರ್ಚಾಗದೆ ಉಳಿದು, ಅದರ ವಾಸನೆಗೇ ಅಮಲೇರಿ ಆಚೆ ಊರು ನಂದಗಡದ ಹುಂಜಗಳು ಮಟಮಟ ಮಧ್ಯಾಹ್ನ ಕೂಗತೊಡಗಿದವು.

ಹತ್ತನೆಯ ದಿನ ಕುರಿ ಕಾಯುವ ಭರಮಣ್ಣ ಬಂದ. ಏಳೂವರೆ ಅಡಿ ಆಳು. ಅವನು ಸೀನಿದರೆ ನೂರು ಕುರಿ ಒಮ್ಮೆಗೇ ಕೂತುಬಿಡುತ್ತಿದ್ದವು, ಎಣಿಸಿದ್ದೇನೆ.

“ಏಳೋ ತಮ್ಮಾ. ನಾಲಿಗಿ ಒಣಗಿ ಕೆರ ಆಗೇತಿ.”

“ನೀರು ಕೊಡ್ಲೇನು ಕಾಕಾ?”

“ನೀರು ಕುರಿ ಕುಡೀತಾವು.”

“ಹಂಗಾರ ದಾಟು. ನಾ ಹಿಂಗ ಗಿಡ್ಡ ಉಳಿದ್ರ ನಿನ್ನ ಹೆಸರು ಹೇಳ್ಕೋತ ಊರೆಲ್ಲಾ ತಿರಗ್ತೀನಿ.”

ಭರಮಣ್ಣ ತಲೆ ಕೆರೆದುಕೊಂಡ. ದಾಟಿದ್ದಕ್ಕೆ ಪರಿಹಾರವೂ ಇದೆಯಲ್ಲ! ತಿರುಗಿ ದಾಟಿದರೆ ದೋಷ ಹೋಯಿತು, ಹುಡುಗ ಮತ್ತೆ ಬೆಳೆಯುತ್ತಾನೆ. “ಬರೂಮುಂದ ತಿರುಗಿ ದಾಟ್ತೀನಿ ತಗೋ,” ಎಂದು ಒಂದೇ ಹೆಜ್ಜೆಗೆ ಒಳಗೆ ಹೋದ. ಕುಡಿದವನು ಹೊರಬರುವಾಗ ಕೋಲೂರಿ, ಹಗ್ಗದ ಮೇಲೆ ನಡೆಯುವ ದೊಂಬರವನ ಜೋಕೆಯಿಂದ ಹುಡುಗನನ್ನು ದಾಟಿದ. ಆಮೇಲೆ ಕೋಲನ್ನು ಅವನ ಪಕ್ಕಕ್ಕಿಟ್ಟು ಉದ್ದ ಅಳೆದು, ಉಗುರಿನಿಂದ ಒಂದು ಗೀರು ಹಾಕಿದ. “ಎಲ್ಲಿ ಕಮ್ಮಿ ಆಗೇತಿ? ಸುಳ್ಳ ಒದರಬ್ಯಾಡ.”

ದಿನಾ ಸಂಜೆ ಇದೇ ಆಯಿತು. ಒಳಗೊಂದು ದಾಟು, ಹೊರಗೊಂದು ದಾಟು, ಕೋಲಿಗೊಂದು ಅಳತೆ.

“ನಾಳೆ ಬರಬ್ಯಾಡ ಕಾಕಾ.”

“ನಾ ಬರಲಿಲ್ಲಂದ್ರ ನಿನ್ನ ಅಳತಿ ಮಾಡಾವ್ರು ಯಾರು? ಎಳ್ಳಿನಷ್ಟು ಬೆಳದೀ ನೋಡು.”

ಒಂದು ಮಂಗಳವಾರ ಭರಮಣ್ಣ ದಾಟಿ ಒಳಗೆ ಹೋಗಿದ್ದ. ಬಟ್ಟಲು ಇನ್ನೂ ತುಟಿಗೆ ಹತ್ತಿರಲಿಲ್ಲ. ಹೊರಗೆ ಪೊಲೀಸರು ಬಂದರು. ಸಾವಿರ ಜನ ಎಂದು ಹೇಳುತ್ತಿದ್ದೆ, ನಾಲ್ವರೇ. “ಏಳಲೇ ಮ್ಯಾಲೆ,” ಅಂದರು. ಹುಡುಗ ಏಳಲಿಲ್ಲ. ಲಾಠಿ ಒಂದೇ ಸಲ ಎದ್ದಿತು, ತಲೆಯ ಮೇಲೆ ಇಳಿಯಿತು.

ಭರಮಣ್ಣ ಹೊಸ್ತಿಲಿಗೆ ಬರುವಷ್ಟರಲ್ಲಿ ಅವನನ್ನು ಎತ್ತುತ್ತಿದ್ದರು.

“ತಡೀರ್ಯೋ, ಎತ್ತಬ್ಯಾಡ್ರಿ! ನಾ ಇನ್ನೂ ತಿರುಗಿ ದಾಟಿಲ್ಲ!”

“ಹೆಣಾ ದಾಟ್ತಾರೇನೋ ಹುಚ್ಚಾ?” ಎಂದು ಯಾರೋ ಅವನ ತೋಳು ಹಿಡಿದರು.

ಮರುದಿನ ಅಂಗಡಿಯ ಲಕ್ಷ್ಮಪ್ಪ ಕೀಲಿ ತೆಗೆಯಲು ಬಂದಾಗ ಹೊಸ್ತಿಲಿಗೆ ಅಡ್ಡ ಭರಮಣ್ಣ ಮಲಗಿದ್ದ. ಮೊಣಕಾಲು ಎದೆಗೆ ತಂದು, ಬೆನ್ನು ಬಾಗಿಸಿ, ಅಷ್ಟು ದೊಡ್ಡ ಮೈಯನ್ನು ಮುದುಡಿಕೊಂಡಿದ್ದ.

ಬೈಯಲು ಬಾಯಿ ತೆರೆದ ಲಕ್ಷ್ಮಪ್ಪನಿಗೆ ಏನು ತೋಚಿತೋ. “ಕಾಲರೆ ಚಾಚಿ ಮಲಗಲೇ ಭರಮ್ಯಾ. ಜಾಗಾ ಐತಲ್ಲ,” ಎಂದ.

ಭರಮಣ್ಣ ಪಕ್ಕದಲ್ಲಿದ್ದ ಕೋಲನ್ನು ತಡವಿದ. ಕಡೆಯ ಗೀರು ಸಿಕ್ಕಿತು. ಅದರಾಚೆ ಹೋಗಿದ್ದ ಕಾಲಿನ ಹೆಬ್ಬೆರಳನ್ನು ಒಳಗೆಳೆದುಕೊಂಡ.

“ಇಷ್ಟ ಉದ್ದ ಇದ್ದ ಅಂವ.”